ಒಂದೇ ಕೋಣೆ, ನಾಲ್ಕು ಗುಂಪು

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ಕ್ಲಾಸು, ಇಬ್ಬರು ಶಿಕ್ಷಕಿಯರು. ಒಂದು, ಎರಡು, ಮೂರು ಸೇರಿದ ನಲಿಕಲಿ ಕೋಣೆಯನ್ನು ಮುಖ್ಯ ಶಿಕ್ಷಕಿ ನೋಡಿಕೊಳ್ಳುತ್ತಾರೆ. ನಾಲ್ಕು ಮತ್ತು ಐದು ನನ್ನದು. ಕಳೆದ ವರ್ಷ ಎರಡೂ ಸೇರಿ 14 ಮಕ್ಕಳಿದ್ದರು. ಬೋರ್ಡು ಒಂದೇ. ಎಡಕ್ಕೆ ನಾಲ್ಕರ ಪಾಠ, ಬಲಕ್ಕೆ ಐದರ ಪಾಠ.

14 ಮಕ್ಕಳಿಗೆ ಒಬ್ಬ ಟೀಚರ್ ಅಂದರೆ ಆರಾಮದ ಕೆಲಸ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಆ 14 ಮಕ್ಕಳಲ್ಲಿ ಒಬ್ಬಳು ಪೇಪರ್ ಓದುತ್ತಿದ್ದಳು. ಒಬ್ಬ ತನ್ನ ಹೆಸರು ಬಿಟ್ಟರೆ ಬೇರೇನೂ ಓದುತ್ತಿರಲಿಲ್ಲ. ಇಬ್ಬರೂ ಐದನೇ ಕ್ಲಾಸು. ಇಬ್ಬರ ಚೀಲದಲ್ಲೂ ಅದೇ ಪುಸ್ತಕ. ಇವರಿಬ್ಬರನ್ನೂ ಒಂದೇ ಬೋರ್ಡಿನ ಮುಂದೆ ಕೂರಿಸಿ ಏನು ಕಲಿಸಬೇಕು? ಒಂದು ವರ್ಷ ನಾವು ಇದಕ್ಕಾಗಿ ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಕೋಣೆಯಲ್ಲಿ ನಿಂತಿರುವ ಶಿಕ್ಷಕರು ಮಲೆನಾಡಿನ ತುಂಬ ಇದ್ದಾರೆ. ಇಂಥ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದಾರೆ.

ಮೊದಲು ನಲಿಕಲಿ ಬಗ್ಗೆ ಸ್ವಲ್ಪ ಹೇಳಬೇಕು. ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಈ ಪದ್ಧತಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಇಲ್ಲಿಗೆ ಹೊಂದುವ ಹಾಗೆ ಕಾರ್ಡುಗಳನ್ನು ಮಾಡಿದರು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಅಕ್ಷರಗಳು ಅ, ಆ, ಇ, ಈ ಅಂತ ಬರುವುದಿಲ್ಲ. ರ, ಗ, ಸ, ದ, ಅ ಅಂತ ಶುರುವಾಗುತ್ತದೆ. ಅಷ್ಟರಲ್ಲೇ ‘ಅರಸ’, ‘ಸರ’, ‘ಗರಗಸ’ ಓದಬಹುದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತನ್ನ ಮೆಟ್ಟಿಲು ಎಲ್ಲಿದೆ ಅಂತ ನೋಡಿಕೊಂಡು, ಆ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಎರಡು ವಾರ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಯಾರು ಮುಂದೆ, ಯಾರು ಹಿಂದೆ ಅನ್ನೋದು ಆ ಕೋಣೆಯಲ್ಲಿ ದೊಡ್ಡ ವಿಷಯವೇ ಅಲ್ಲ.

ನಾಲ್ಕನೇ ಕ್ಲಾಸಿಗೆ ಬಂದ ದಿನ ಏಣಿ ಹೋಗುತ್ತದೆ, ಪುಸ್ತಕ ಬರುತ್ತದೆ. ಪುಸ್ತಕಕ್ಕೆ ಎಲ್ಲ ಮಕ್ಕಳೂ ಒಂದೇ. ಜೂನ್‌ನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನದ್ದನ್ನು ನೆನಪಿಸುವ ಪಾಠ) ಮುಗಿಸಿ ಒಂದನೇ ಪಾಠ, ಆಮೇಲೆ ಎರಡನೇದು. ಏಣಿಯ ನಡುವಿನಲ್ಲಿದ್ದ ಮಗುವಿನ ಕೈಗೂ ಎರಡೆರಡು ಪುಟದ ಪಾಠ ಬಂದು ಬೀಳುತ್ತದೆ.

ಕಾಯ್ದೆಯಲ್ಲೂ ಇದೇ ಇಕ್ಕಟ್ಟು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪೂರ್ತಿ ಪಠ್ಯವನ್ನು ನಿಗದಿತ ಸಮಯದೊಳಗೆ ಮುಗಿಸಬೇಕು ಅನ್ನುವುದು ಅದರಲ್ಲಿ ಒಂದು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು, ಬೇಕಾದವರಿಗೆ ಹೆಚ್ಚುವರಿ ಪಾಠ ಮಾಡಬೇಕು ಅನ್ನುವುದು ಅದರ ಮುಂದಿನದ್ದೇ. ಒಂದರ ಕೆಳಗೆ ಒಂದು. ಎರಡೂ ಸರಿಯಾದ ಮಾತೇ. ಆದರೆ ಸಿಲಬಸ್ ಮುಗೀತಾ ಅಂತ ಕೇಳುವವರು ತಿಂಗಳು ತಿಂಗಳು ಬರುತ್ತಾರೆ. ಆ ಹುಡುಗ ಓದಕ್ಕೆ ಕಲಿತನಾ ಅಂತ ಕೇಳುವವರು ಅಪರೂಪ.

ಜೂನ್ ಕೊನೆಯಲ್ಲಿ ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಓದಿಸಲು ಶುರು ಮಾಡಿದೆ. ಒಂದು ಹಾಳೆಯಲ್ಲಿ ಹತ್ತು ಅಕ್ಷರ, ಹತ್ತು ಸಣ್ಣ ಪದ. ಇನ್ನೊಂದರಲ್ಲಿ ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು. ಮತ್ತೊಂದರಲ್ಲಿ ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ. ಇದು ನನ್ನ ಸ್ವಂತ ಉಪಾಯವೇನಲ್ಲ. 2005ರಿಂದ ಪ್ರಥಮ್ ಸಂಸ್ಥೆ ‘ಅಸರ್’ ಸಮೀಕ್ಷೆಯಲ್ಲಿ ಹಳ್ಳಿ ಮಕ್ಕಳನ್ನು ಹೀಗೇ ಓದಿಸಿ ನೋಡುತ್ತಿದೆ. 2022ರ ಸಮೀಕ್ಷೆಯಲ್ಲಿ, ದೇಶದ ಹಳ್ಳಿಗಳ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲವರು ನೂರಕ್ಕೆ ಸುಮಾರು 43 ಮಾತ್ರ. ನನ್ನ ಕೋಣೆಯೂ ಇದಕ್ಕಿಂತ ಬೇರೆ ಇರಲಿಲ್ಲ.

ಆದರೆ ಪಕ್ಕದಲ್ಲಿ ಕೂತು ಕೇಳಿದಾಗ ಗೊತ್ತಾಗುವುದು ಬೇರೆಯೇ. ‘ಓದಕ್ಕೆ ಬರಲ್ಲ’ ಅಂತ ಹಾಜರಿ ಪುಸ್ತಕದ ಪಕ್ಕ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡ ಮಕ್ಕಳ ತೊಂದರೆ ಒಂದೇ ಅಲ್ಲ. ಒಬ್ಬಳಿಗೆ ಎಲ್ಲ ಅಕ್ಷರ, ಕಾಗುಣಿತ ಬರುತ್ತಿತ್ತು, ಒತ್ತಕ್ಷರ ಕಂಡ ಕೂಡಲೇ ನಿಲ್ಲುತ್ತಿದ್ದಳು. ‘ಕಪ್ಪೆ’ಯನ್ನು ‘ಕಪೆ’ ಅಂತ ಓದಿ ನನ್ನ ಮುಖ ನೋಡುತ್ತಿದ್ದಳು. ಒಬ್ಬನಿಗೆ ಥ, ಧ, ಘ, ಛ ಯಾವುದೂ ಪರಿಚಯವಿಲ್ಲ. ಏಣಿಯಲ್ಲಿ ಮಹಾಪ್ರಾಣಗಳು ಕೊನೆಕೊನೆಗೆ ಬರುತ್ತವೆ, ಅವನು ಅಲ್ಲಿವರೆಗೆ ತಲುಪಿರಲಿಲ್ಲ ಅಷ್ಟೆ. ಇನ್ನೊಬ್ಬ ಪಾಠವನ್ನು ಸರಾಗವಾಗಿ ಓದಿದ. ಪುಟ ಮಗುಚಿ ಬೇರೆ ಪಾಠ ತೆಗೆದುಕೊಟ್ಟೆ. ಅದೇ ಹಳೆ ಪಾಠವನ್ನೇ ಓದುತ್ತಾ ಹೋದ. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಎಷ್ಟು ಜಾಣ ಕಿವಿ ಅದು! ಒಬ್ಬಳು ಹಾಳೆಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯ (ಆರ್‌ಬಿಎಸ್‌ಕೆ) ತಂಡದವರು ತಪಾಸಣೆಗೆ ಬಂದಾಗ ತೋರಿಸಿದೆ, ಕನ್ನಡಕ ಬಂತು. ಅವಳಿಗೆ ಬೇಕಿದ್ದುದು ಅಷ್ಟೇ. ಮನೆಯಲ್ಲಿ ಲಂಬಾಣಿ ಮಾತಾಡುವ ಒಂದು ಮಗು ಪದಗಳನ್ನು ಸರಿಯಾಗಿಯೇ ಓದುತ್ತಿತ್ತು. ಅರ್ಥ ಕೇಳಿದರೆ ಸುಮ್ಮನೆ ನಗುತ್ತಿತ್ತು.

ಇವರೆಲ್ಲರಿಗೂ ‘ನಿಧಾನಗತಿಯ ಕಲಿಕೆ’ ಅಂತ ಒಂದೇ ಹಣೆಪಟ್ಟಿ ಹಚ್ಚಿ, ಒಂದೇ ಪರಿಹಾರ ಬೋಧನೆ ಮಾಡಿದರೆ ಯಾರಿಗೂ ಪರಿಹಾರ ಸಿಗುವುದಿಲ್ಲ. ಆ ಜಗಲಿಯಲ್ಲಿ ಕೂತ ವಾರಗಳಲ್ಲಿ ನನಗೆ ಇದು ಗಟ್ಟಿಯಾಗಿ ಮನಸ್ಸಿಗೆ ಬಂತು.

ಜುಲೈನಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ. ನಮ್ಮ ಊರಿಗೆ ಪೇಟೆಯ ಒಂದು ಖಾಸಗಿ ಶಾಲೆಯ ವ್ಯಾನ್ ಬರುತ್ತದೆ. ಅಲ್ಲಿ ಮಾರ್ಕ್ಸ್ ನೋಡಿ ಎ ಸೆಕ್ಷನ್, ಬಿ ಸೆಕ್ಷನ್ ಮಾಡುತ್ತಾರಂತೆ. ಒಬ್ಬ ಸದಸ್ಯರು, “ನೀವೂ ಓದೋ ಮಕ್ಕಳನ್ನ ಬೇರೆ ಕೂರಿಸಿ ಮೇಡಂ, ಇಲ್ಲಾಂದ್ರೆ ಆ ಮಕ್ಕಳೂ ಹಾಳಾಗ್ತವೆ” ಅಂದರು. ಅವರ ಮಗಳೇ ಪೇಪರ್ ಓದುವ ಹುಡುಗಿ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮಗಳು ಎರಡು ನಿಮಿಷದಲ್ಲಿ ಬರೆದು ಮುಗಿಸಿ ಅರ್ಧ ಗಂಟೆ ಕೈಕಟ್ಟಿ ಕೂರುವುದನ್ನು ಯಾವ ಅಪ್ಪ ತಾನೇ ಒಪ್ಪುತ್ತಾನೆ?

ಅದಕ್ಕೆ ಉತ್ತರ ಕೊಟ್ಟವರು ನಾನಲ್ಲ. ಮೂಲೆಯಲ್ಲಿ ಕೂತಿದ್ದ, ತೋಟದ ಕೆಲಸ ಮಾಡಿ ಹಣ್ಣಾದ ಒಬ್ಬ ಅಜ್ಜ. “ಅಡಿಕೇನ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡದು ಮಂಡಿಗೆ ಹಾಕಕ್ಕೆ ಮಾರಾಯ್ರೆ. ಬೇರೆ ಮಾಡಿದ್ಮೇಲೆ ಗೊರಬಲನ್ನ ಯಾರೂ ರಾಶಿ ಮಾಡಕ್ಕೆ ಹೋಗಲ್ಲ. ಮಕ್ಕಳಿಗೂ ಹಂಗೇ ಆದ್ರೆ ಎಂಥ ಮಾಡದು?” ಗೊರಬಲು ಅಂದರೆ ಅಡಿಕೆಯಲ್ಲಿ ಕೆಳಗಿನ ದರ್ಜೆ.

ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ನಾನು ನಮ್ಮ ಯೋಚನೆ ಹೇಳಿದೆ. ದಿನಕ್ಕೆ ಒಂದು ಗಂಟೆ ಮಾತ್ರ ಗುಂಪು. ಕನ್ನಡಕ್ಕೆ ಬೇರೆ ಗುಂಪು, ಲೆಕ್ಕಕ್ಕೆ ಬೇರೆ ಗುಂಪು. ಎರಡು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ ಗುಂಪು ಬದಲಿಸುವುದು. ಉಳಿದ ಹೊತ್ತು ಪರಿಸರ ಅಧ್ಯಯನ, ಹಾಡು, ಆಟ, ಊಟ ಎಲ್ಲ ಒಟ್ಟಿಗೆ.

ಮಕ್ಕಳನ್ನು ಗುಂಪು ಮಾಡುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಪ್ರಪಂಚದಲ್ಲೆಲ್ಲ ಚರ್ಚೆ ಇದೆ. ಫಿನ್ಲೆಂಡ್ 1980ರ ದಶಕದ ಮಧ್ಯದಲ್ಲಿ, ಗಣಿತಕ್ಕೂ ಭಾಷೆಗಳಿಗೂ ಸಾಮರ್ಥ್ಯ ನೋಡಿ ಬೇರೆ ಬೇರೆ ಕೋರ್ಸಿಗೆ ಹಾಕುವುದನ್ನು ಕೈಬಿಟ್ಟಿತು. ಕೀನ್ಯಾದಲ್ಲಿ 121 ಶಾಲೆಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉಲ್ಟಾ ಹೇಳಿತು. ಒಂದನೇ ಕ್ಲಾಸಿನ ಮಕ್ಕಳನ್ನು ಅಂಕ ನೋಡಿ ಎರಡು ಸೆಕ್ಷನ್ ಮಾಡಿದಾಗ ಮೇಲಿನವರೂ ಕೆಳಗಿನವರೂ ಇಬ್ಬರೂ ಚೆನ್ನಾಗಿ ಕಲಿತರು. ಆ ಅಧ್ಯಯನ ಮಾಡಿದವರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಒಬ್ಬರು. ಅವರೂ ಅಭಿಜಿತ್ ಬ್ಯಾನರ್ಜಿಯವರೂ ಪ್ರಥಮ್ ಜೊತೆ ಸೇರಿ ನಮ್ಮ ದೇಶದ ಶಾಲೆಗಳಲ್ಲೂ ಕೆಲಸ ಮಾಡಿದ್ದಾರೆ. ಇಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆಗೆ 2019ರಲ್ಲಿ ನೊಬೆಲ್ ಬಂತು. ಮಗು ಎಲ್ಲಿದೆಯೋ ಅಲ್ಲಿಂದ ಕಲಿಸಿದರೆ ಮಗು ಕಲಿಯುತ್ತದೆ ಅನ್ನುವುದು ಅವರ ಕೆಲಸದಿಂದ ತಿಳಿದ ವಿಷಯ. ನಮ್ಮ ರಾಜ್ಯದ ‘ಓದು ಕರ್ನಾಟಕ’ ಕಾರ್ಯಕ್ರಮವೂ ನಾಲ್ಕು, ಐದನೇ ಕ್ಲಾಸಿಗೆ ಇದೇ ದಾರಿ ಹಿಡಿದಿದೆ.

ನನ್ನ ಮಟ್ಟಿಗೆ ಈ ಎರಡು ಮಾತಿನಲ್ಲಿ ಜಗಳವಿಲ್ಲ. ಒಂದು ಕೌಶಲ ಕಲಿಸಲು ಒಂದು ಗಂಟೆ ಗುಂಪು ಮಾಡುವುದು ಬೇರೆ. ವರ್ಷಪೂರ್ತಿ ‘ನೀನು ಬಿ ಸೆಕ್ಷನ್’ ಅನ್ನುವುದು ಬೇರೆ. ಕೆಳಗಿನ ಗುಂಪಿಗೆ ಯಾರು ಕಲಿಸುತ್ತಾರೆ ಅನ್ನೋದೂ ಮುಖ್ಯ. ಹೆಚ್ಚು ಅನುಭವ ಇರುವ ಶಿಕ್ಷಕರನ್ನು ಮೇಲಿನ ಸೆಕ್ಷನ್‌ಗೆ ಕೊಟ್ಟು, ಬಿಡುವಿದ್ದವರನ್ನು ಕೆಳಗಿನದಕ್ಕೆ ಹಾಕಿದರೆ ಆ ಮಕ್ಕಳು ಅಲ್ಲೇ ಉಳಿಯುತ್ತಾರೆ.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಆ ಒಂದು ಗಂಟೆ ಇಟ್ಟೆವು. ನಾಲ್ಕು ಗುಂಪು: ಅಕ್ಷರ, ಪದ, ಪ್ಯಾರಾ, ಕಥೆ. ಮಕ್ಕಳ ಮುಂದೆ ಆ ಹೆಸರು ಹೇಳಲಿಲ್ಲ. ಜಗಲಿ ಗುಂಪು, ಕಿಟಕಿ ಗುಂಪು, ಬೋರ್ಡು ಗುಂಪು, ಕಪಾಟು ಗುಂಪು ಅಂತ ಕೂರುವ ಜಾಗದ ಮೇಲೆ ಕರೆದೆವು. ಮಕ್ಕಳಿಗೆ ಯಾವುದು ಏನು ಅಂತ ಗೊತ್ತಾಗದೇ ಇರಲ್ಲ. ಆದರೆ ಕಿಟಕಿಯಿಂದ ಬೋರ್ಡಿಗೆ ಹೋದವಳನ್ನು, ಜಗಲಿಯಿಂದ ಕಿಟಕಿಗೆ ಬಂದವನನ್ನು ಎರಡೆರಡು ವಾರಕ್ಕೆ ಕಣ್ಣಾರೆ ನೋಡಿದ ಮೇಲೆ ಜಾಗಕ್ಕೆ ಅಂಟಿದ ಅಂಜಿಕೆ ಕಡಿಮೆಯಾಯಿತು.

ಅಕ್ಷರದ ಗುಂಪಿನ ಮೂವರನ್ನು ನಲಿಕಲಿ ಕೋಣೆಗೆ ಕಳಿಸಿದರೆ ಸುಲಭವಾಗುತ್ತಿತ್ತು. ನಾವಿಬ್ಬರೂ ಅದನ್ನು ಬೇಡ ಅಂದುಕೊಂಡೆವು. ಹತ್ತು ವರ್ಷದ ಹುಡುಗ ಆರು ವರ್ಷದ ತಂಗಿಯ ಪಕ್ಕ ಕೂತು ‘ರಗಸದಅ’ ಹೇಳಬೇಕಾದರೆ ಅವನು ಮರುದಿನ ಶಾಲೆಗೇ ಬರುವುದಿಲ್ಲ. ಬದಲಿಗೆ ಮೂರನೇ ಕ್ಲಾಸಿನಲ್ಲಿ ಚೆನ್ನಾಗಿ ಓದುವ ಇಬ್ಬರು ನಮ್ಮ ಕಡೆ ಬಂದು ಕಥೆಯ ಗುಂಪಿಗೆ ಸೇರಿದರು. ನಾನು ಹೆಚ್ಚು ಹೊತ್ತು ಕೂರುತ್ತಿದ್ದುದು ಜಗಲಿಯಲ್ಲಿ, ಆ ಮೂವರ ಜೊತೆ.

ದೊಡ್ಡ ಮಕ್ಕಳಿಗೆ ಅಕ್ಷರ ಕಲಿಸುವಾಗ ಸಣ್ಣ ಮಕ್ಕಳ ಚಿತ್ರ ತೋರಿಸಿದರೆ ಮುಖ ತಿರುಗಿಸುತ್ತಾರೆ. ಹಾಗಾಗಿ ಅವರ ಲೋಕದ ಪದಗಳನ್ನೇ ತೆಗೆದುಕೊಂಡೆ. ಬಸ್ಸಿನ ಬೋರ್ಡು: ನಗರ, ಸಾಗರ, ಹೊಸನಗರ, ರಿಪ್ಪನ್‌ಪೇಟೆ. ಮೊದಲನೆಯದು, ಎರಡನೆಯದು ಬರೀ ಅಕ್ಷರ ಮತ್ತು ಒಂದು ದೀರ್ಘ. ‘ರಿಪ್ಪನ್‌ಪೇಟೆ’ಯಲ್ಲಿ ಗುಡಿಸು, ಒತ್ತು, ಏತ್ವ ಎಲ್ಲ ಇದೆ. ಆ ಒಂದು ಬೋರ್ಡು ಓದಿದ ದಿನ ಜಗಲಿ ಗುಂಪಿನ ಒಬ್ಬ ಹುಡುಗ ಊಟದ ಸಾಲಿನಲ್ಲಿ ಎಲ್ಲರಿಗೂ ಬರೆದು ತೋರಿಸಿದ.

ಲೆಕ್ಕದ ಗುಂಪು ಮಾಡುವಾಗ ಚಿತ್ರವೇ ಬದಲಾಯಿತು. ನಾನು ಈ ಹುಡುಗನ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಬಾಯಿಪಾಠದಲ್ಲಿ ಓದುತ್ತಿದ್ದನಲ್ಲ, ಅವನೇ. ಅಪ್ಪ ಅಡಿಕೆ ಮರ ಹತ್ತಿ ಕೊನೆ ತೆಗೆಯುತ್ತಾರೆ, ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ. ನೋಟ್‌ಬುಕ್ಕಿನಲ್ಲಿ 27ನ್ನು 13ರಿಂದ ಗುಣಿಸಲು ಕೊಟ್ಟಿದ್ದೆ. ಮೂರರಿಂದ ಗುಣಿಸಿ 81 ಬರೆದ. ಒಂದರಿಂದ ಗುಣಿಸಿ 27 ಬರೆದ. ಒಂದು ಮನೆ ಎಡಕ್ಕೆ ಸರಿಸದೆ ನೇರ ಕೆಳಗೆ ಬರೆದು ಕೂಡಿದ. 108. ಕೆಂಪು ಗೆರೆ ಎಳೆಯುವ ಮೊದಲು ಕೇಳಿದೆ: “ಅಮ್ಮ ನಿನ್ನೆ 27 ಕೇಜಿ ಸುಲಿದ್ರು ಅನ್ಕೋ. ಕೇಜಿಗೆ 13 ರೂಪಾಯಿ. ಎಷ್ಟು ಸಿಗುತ್ತೆ?” ಅವನು ಮೇಲೆ ನೋಡಿದ. “ಹತ್ ರೂಪಾಯಿ ಲೆಕ್ಕದಲ್ಲಿ 270. ಮತ್ತೆ ಮೂರ್ ರೂಪಾಯಿದು 81. ಮುನ್ನೂರೈವತ್ತೊಂದು ಟೀಚರ್.” ಪೆನ್ಸಿಲ್ ಮುಟ್ಟಲೇ ಇಲ್ಲ. “ಹಾಗಾದ್ರೆ ಇಲ್ಲಿ 108 ಯಾಕೆ ಬರೆದೆ?” ಅಂದೆ. “ಅದು ಶಾಲೆ ಲೆಕ್ಕ” ಅಂದ.

ಎರಡೂ ಒಂದೇ ಲೆಕ್ಕ ಅಂತ ತೋರಿಸಲು ನನಗೆ ಹತ್ತು ನಿಮಿಷ ಸಾಕಾಯಿತು. ಅವನು ಬಾಯಲ್ಲಿ ಹೇಳಿದ 270ನ್ನೇ 81ರ ಕೆಳಗೆ ಬರೆಸಿದೆ. ಆ ಸೊನ್ನೆ ಎಲ್ಲಿಂದ ಬಂತು ಅಂತ ಅವನೇ ಹೇಳಿದ. ಕನ್ನಡದಲ್ಲಿ ಜಗಲಿಯಲ್ಲಿ ಕೂರುತ್ತಿದ್ದವನು ಲೆಕ್ಕದಲ್ಲಿ ಕಪಾಟು ಗುಂಪಿಗೆ ಹೋದ. ಪೇಪರ್ ಓದುವ ಹುಡುಗಿ ಬಾಯಿಲೆಕ್ಕದಲ್ಲಿ ಅವನ ಹತ್ತಿರ ಕೇಳಿ ತಿಳಿದುಕೊಳ್ಳುತ್ತಿದ್ದಳು. ಒಂದೇ ಪರೀಕ್ಷೆಯ ಒಟ್ಟು ಅಂಕ ನೋಡಿ ಸೆಕ್ಷನ್ ಮಾಡಿದ್ದರೆ ಈ ಹುಡುಗನ ತಲೆಯಲ್ಲಿರುವ ಲೆಕ್ಕ ಯಾರಿಗೂ ಕಾಣುತ್ತಲೇ ಇರಲಿಲ್ಲ. ನಾನು ಗುಂಪುಗಳನ್ನು ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ಇಡಲೇಬೇಕು ಅಂತ ಹಠ ಹಿಡಿಯುವುದು ಇದಕ್ಕೇ.

ನಮ್ಮ ಕಡೆ ಕಲಿಕೆಯ ಅಂತರ ಅನ್ನುವುದರಲ್ಲಿ ಎಷ್ಟೋ ಭಾಗ ಮಳೆಯದ್ದು, ನಿದ್ದೆಯದ್ದು. ಜುಲೈನಲ್ಲಿ ಮಳೆ ಜೋರಾದರೆ ಜಿಲ್ಲಾಡಳಿತ ರಜೆ ಕೊಡುತ್ತದೆ. ರಜೆ ಇಲ್ಲದ ದಿನವೂ ಹಳ್ಳದ ಆಚೆ ಮನೆಯ ಮಕ್ಕಳು ಬರಲಾಗುವುದಿಲ್ಲ. ಕಾಲುಸಂಕದ ಮೇಲೆ ನೀರು ಹೋಗುತ್ತಿದ್ದರೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಆ ಮಕ್ಕಳಿಗೆ ಹೆಚ್ಚುಕಡಿಮೆ ಒಂದು ಪಾಠವೇ ತಪ್ಪಿಹೋಗುತ್ತದೆ. ಮಳೆ ಮುಗಿದು ಅಡಿಕೆ ಸುಗ್ಗಿ ಬಂದರೆ ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಲೈಟು. ಅಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಮಗುವೂ ಪಕ್ಕದಲ್ಲಿ ಕೂತು ಸಿಪ್ಪೆ ಬೇರೆ ಮಾಡುತ್ತದೆ. ಬೆಳಿಗ್ಗೆ ನನ್ನ ಮುಂದೆ ಕೂತು ಆಕಳಿಸುತ್ತದೆ. ಇಂಥ ಮಗುವಿಗೆ ‘ದಡ್ಡ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗುಂಪಿನ ಓದಿನಲ್ಲಿ ಒಂದು ಅನುಕೂಲ ಅಂದರೆ, ವಾರ ಬಿಟ್ಟು ಬಂದ ಮಗು ನಲಿಕಲಿಯ ಹಾಗೆ ನಿಂತಲ್ಲಿಂದಲೇ ಮುಂದುವರಿಯಬಹುದು. ಸುಗ್ಗಿಯ ತಿಂಗಳಲ್ಲಿ ಓದಿನ ಗಂಟೆಯನ್ನು ಮಧ್ಯಾಹ್ನಕ್ಕೆ ಮೊದಲಿನ ಪೀರಿಯಡ್‌ಗೆ ಸರಿಸಿದೆವು. ಅದೂ ಸಹಾಯವಾಯಿತು.

ಇನ್ನು ಪೇಪರ್ ಓದುವ ಹುಡುಗಿ. ಮುಂದಿರುವ ಮಕ್ಕಳನ್ನು ‘ಪುಟ್ಟ ಟೀಚರ್’ ಮಾಡಿ ಬಿಡುವುದು ಎಲ್ಲ ಶಾಲೆಯಲ್ಲೂ ನಡೆಯುತ್ತದೆ. ಗೆಳತಿಗೆ ಹೇಳಿಕೊಟ್ಟರೆ ಹೇಳಿಕೊಟ್ಟವಳಿಗೂ ಒಳ್ಳೆಯದೇ. ಆದರೆ ದಿನವೂ ಅದೇ ಆದರೆ ಅವಳು ಕಲಿಯುವುದು ಯಾವಾಗ? ಅವಳ ಅಪ್ಪ ಹೇಳಿದ್ದರಲ್ಲಿ ನ್ಯಾಯವಿತ್ತು. ಕಥೆಯ ಗುಂಪಿಗೆ ಪಂಚಾಯಿತಿಯ ಅರಿವು ಕೇಂದ್ರದಿಂದ, ಅಂದರೆ ಲೈಬ್ರರಿಯಿಂದ, ಪುಸ್ತಕ ತಂದೆ. ಆ ಗುಂಪು ಮಳೆಗಾಲದಲ್ಲಿ ಒಂದು ಕೆಲಸ ಮಾಡಿತು. ಅಂಗಳದಲ್ಲಿ ನೇರ ಬದಿಯ ಡಬ್ಬ ಇಟ್ಟು, ಸ್ಕೇಲಿನಲ್ಲಿ ಅಳೆದು, ದಿನದ ಮಳೆ ಎಷ್ಟು ಮಿಲಿಮೀಟರ್ ಅಂತ ಬರೆದಿಟ್ಟರು. ಪೇಪರಿನಲ್ಲಿ ಬರುವ ತಾಲ್ಲೂಕಿನ ಮಳೆ ಅಂಕಿಯ ಜೊತೆ ಹೋಲಿಸಿದರು. ನಮ್ಮ ಶಾಲೆಯ ಅಂಗಳಕ್ಕೂ ಪೇಪರಿನ ಅಂಕಿಗೂ ಯಾಕೆ ಹೊಂದುವುದಿಲ್ಲ ಅಂತ ಅವಳೇ ಒಂದು ಪುಟ ಬರೆದಳು. ಮಾವಿನ ಮರದ ಹನಿ ಡಬ್ಬಕ್ಕೆ ಬೀಳುತ್ತದೆ ಅನ್ನುವುದನ್ನೂ ಕಂಡುಹಿಡಿದು ಡಬ್ಬದ ಜಾಗ ಬದಲಿಸಿದಳು. ಐದನೇ ಕ್ಲಾಸಿನ ಯಾವ ಪ್ರಶ್ನೆಪತ್ರಿಕೆಯಲ್ಲೂ ಇದಕ್ಕೆ ಅಂಕವಿಲ್ಲ.

ಅವಳು ನವೋದಯ ಪರೀಕ್ಷೆಯನ್ನೂ ಬರೆದಳು. ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಗಾಜನೂರಿನಲ್ಲಿದೆ. ಆರನೇ ಕ್ಲಾಸಿಗೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲಾದರೂ ಹಳ್ಳಿ ಮಕ್ಕಳಿಗೆ. ಎರಡು ಗಂಟೆಯ ಒಂದು ಪರೀಕ್ಷೆ. ಎಷ್ಟೋ ಬಡ ಮಕ್ಕಳ ಬದುಕು ಅದರಿಂದ ಬದಲಾಗಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಇಡೀ ಜಿಲ್ಲೆಗೆ 80 ಸೀಟು ಅಂದರೆ, ಚುರುಕಿನ ಮಕ್ಕಳಲ್ಲಿ ಬಹುಪಾಲು ಊರಿನ ಶಾಲೆಯಲ್ಲೇ ಉಳಿಯುತ್ತಾರೆ. ಅವರಿಗೆ ಬೇಕಾದದ್ದು ಅಲ್ಲೇ ಸಿಗಬೇಕು. ಅವಳಿಗೆ ಸೀಟು ಸಿಗಲಿಲ್ಲ. ಎರಡು ದಿನ ಸಪ್ಪಗಿದ್ದಳು. ಮೂರನೇ ದಿನ ಪುಸ್ತಕ ಬದಲಿಸಿಕೊಡಿ ಅಂತ ಬಂದಳು.

ಇನ್ನೊಂದು ಮಗುವಿನ ವಿಷಯ ಸುಲಭದ್ದಲ್ಲ. ತನ್ನ ಹೆಸರು ಬಿಟ್ಟು ಬೇರೇನೂ ಓದುತ್ತಿರಲಿಲ್ಲ ಅಂದೆನಲ್ಲ, ಆ ಹುಡುಗ. ಜಗಲಿ ಗುಂಪಿನ ಉಳಿದ ಇಬ್ಬರೂ ದೀಪಾವಳಿ ಹೊತ್ತಿಗೆ ಮುಂದೆ ಹೋದರು. ಇವನು ಹೋಗಲಿಲ್ಲ. ನಿನ್ನೆ ಗುರುತಿಸಿದ ಅಕ್ಷರ ಇವತ್ತು ಹೊಸದು. ಬ, ಚ ಅದಲು ಬದಲು. ಬೋರ್ಡಿನಿಂದ ನೋಡಿ ಬರೆದರೂ ನಡುವಿನ ಅಕ್ಷರ ಬಿಟ್ಟುಹೋಗುತ್ತಿತ್ತು. ಕಥೆ ಹೇಳಿದರೆ ಮಾತ್ರ ಪೂರ್ತಿ ನೆನಪು. ಯಾರು ಏನು ಅಂದರು, ಯಾಕೆ ಅಂದರು ಎಲ್ಲ ಹೇಳುತ್ತಾನೆ. ಗೈರುಹಾಜರಿ ಇಲ್ಲ, ಕಣ್ಣು ಕಿವಿ ಸರಿ ಇದೆ. ಇಷ್ಟು ತಿಂಗಳು ಅವನ ಮಟ್ಟದಲ್ಲೇ ಕಲಿಸಿದ ಮೇಲೂ ಹೀಗಾದರೆ, ಇದು ಬೇರೆ ಅಂತ ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ಪಾಠ ಮಾಡುತ್ತಿದ್ದರೆ ಓದದ ಇತರರ ನಡುವೆ ಇವನ ಕಷ್ಟ ಮರೆಯಾಗಿಬಿಡುತ್ತಿತ್ತು.

ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮೂಲಕ ಬ್ಲಾಕ್‌ನ ಬಿಐಇಆರ್‌ಟಿಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಶಿಕ್ಷಕಿಗೆ, ತಿಳಿಸಿದೆ. ಅವರು ಬಂದು ಅವನ ಜೊತೆ ಕೂತು ನೋಡಿದರು. ಡಿಸ್ಲೆಕ್ಸಿಯಾ (ಬುದ್ಧಿ ಸರಿ ಇದ್ದರೂ ಓದು ಬರಹದಲ್ಲಿ ಬರುವ ತೊಡಕು) ಇರಬಹುದು, ಪರೀಕ್ಷೆ ಮಾಡಿಸಬೇಕು ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಎಂಟು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. 14ಕ್ಕೆ ಮತ್ತು 18ಕ್ಕೆ ಮತ್ತೆ ನೋಡುತ್ತಾರೆ. ಈ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ರೂಪಿಸಿದ ಸಾಧನಗಳಿವೆ. ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕರು ಸಿಗುತ್ತಾರೆ.

ಇದನ್ನೆಲ್ಲ ಹೇಳಲು ಮನೆಗೆ ಹೋದೆ. ಅವನ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. “ಅಂಗವಿಕಲ ಅಂತ ಕಾರ್ಡ್ ಮಾಡ್ಸಿದ್ರೆ ಊರಲ್ಲಿ ಎಂಥ ಅಂತಾರೆ ಮೇಡಂ? ಮುಂದೆ ಇವನಿಗೆ ಹೆಣ್ಣು ಯಾರು ಕೊಡ್ತಾರೆ?” ಅಂದರು. ಅಮ್ಮ ಒಳಗಿಂದ ಕಾಫಿ ತಂದವರು ಅಲ್ಲೇ ನಿಂತು, “ಈಗ ಶಾಲೇಲಿ ದಡ್ಡ ಅಂತಾರಲ್ಲ, ಅದಕ್ಕಿಂತ ಇದು ವಾಸಿ ಅಲ್ವಾ” ಅಂದರು. ಕಾರ್ಡು ಬೇಕೋ ಬೇಡವೋ ಆಮೇಲೆ ನೋಡೋಣ, ಮೊದಲು ಪರೀಕ್ಷೆ ಮಾಡಿಸೋಣ ಅಂತ ಒಪ್ಪಿಸಿದೆ. ಶಿವಮೊಗ್ಗಕ್ಕೆ ಅವರ ಜೊತೆ ನಾನೂ ಹೋದೆ. ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ, ಯಾವ ಕೋಣೆಗೆ ಹೋಗಬೇಕು ಅಂತ ಗೊತ್ತಿರುವುದಿಲ್ಲ. ಜೊತೆಗೆ ಯಾರಾದರೂ ಇದ್ದರೆ ಅರ್ಧ ಭಾರ ಇಳಿಯುತ್ತದೆ. ಅಲ್ಲಿ ಬುದ್ಧಿಮತ್ತೆಯ ಪರೀಕ್ಷೆ ಬೇರೆ, ಓದು ಬರಹದ ಪರೀಕ್ಷೆ ಬೇರೆ ಮಾಡಿದರು. ಬುದ್ಧಿಯಲ್ಲಿ ಏನೂ ಕಡಿಮೆ ಇಲ್ಲ, ಓದಿನಲ್ಲೇ ತೊಡಕು ಅಂತ ಬಿಡಿಸಿ ಹೇಳಿದರು. ಆ ಮಾತು ಕೇಳಿದ ಮೇಲೆ ಬಸ್ಸಿನಲ್ಲಿ ಆ ಅಪ್ಪ ಮಗನನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಊರು ಬರುವವರೆಗೆ ಮಾತಾಡುತ್ತಲೇ ಇದ್ದರು.

ಪ್ರಮಾಣಪತ್ರದ ಕೆಲಸ ಇನ್ನೂ ನಡೆಯುತ್ತಿದೆ. ಕ್ಲಾಸಿನಲ್ಲಿ ಅದಕ್ಕೆ ಕಾಯಬೇಕಾಗಿಲ್ಲ. ಅವನಿಗೆ ಪ್ರಶ್ನೆ ಓದಿ ಹೇಳುತ್ತೇನೆ, ಉತ್ತರ ಬಾಯಲ್ಲಿ ಹೇಳುತ್ತಾನೆ. ಅಕ್ಷರವನ್ನು ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುತ್ತಾ, ಉಚ್ಚರಿಸುತ್ತಾ ಕಲಿಯುತ್ತಿದ್ದಾನೆ. ವೇಗ ಕಡಿಮೆ. ಆದರೆ ಕಲಿತ ಅಕ್ಷರ ಈಗ ಮರುದಿನಕ್ಕೂ ಉಳಿಯುತ್ತಿದೆ.

ಮಾರ್ಚ್‌ನಲ್ಲಿ ಮತ್ತೆ ಎಲ್ಲರನ್ನೂ ಓದಿಸಿದೆ. ಜಗಲಿಯಲ್ಲಿ ಉಳಿದವನು ಇವನೊಬ್ಬನೇ. ಒತ್ತಕ್ಷರಕ್ಕೆ ನಿಲ್ಲುತ್ತಿದ್ದ ಹುಡುಗಿ ಕಥೆ ಓದುತ್ತಾಳೆ. ಲಂಬಾಣಿ ಮಾತಾಡುವ ಮಗು ಓದಿದ್ದನ್ನು ತನ್ನ ಭಾಷೆಯಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳುತ್ತದೆ. ಪಠ್ಯಪುಸ್ತಕದ ಕೊನೆಯ ಎರಡು ಪಾಠ ಬೇಗಬೇಗ ಮುಗಿಸಬೇಕಾಯಿತು. ಅದನ್ನು ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲೇ ಹೇಳಿದೆ. ಏಳನೇ ಕ್ಲಾಸಿನವರೆಗೂ ವೇಳಾಪಟ್ಟಿಯಲ್ಲೇ ಈ ಒಂದು ಗಂಟೆ ಇರಲಿ, ಆ ಗಂಟೆಗೆ ತಕ್ಕಷ್ಟು ಪಠ್ಯ ಕಡಿಮೆ ಮಾಡಿ ಅಂತ ಕೇಳಿದೆ. ಲಿಖಿತವಾಗಿ ಕೊಡಿ ಅಂದರು. ಆರು ಜನ ಶಿಕ್ಷಕರು ಸಹಿ ಮಾಡಿ ಕೊಟ್ಟಿದ್ದೇವೆ.

ಐದು ಮುಗಿಸಿದ ಮಕ್ಕಳು ಈಗ ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ಟಿಸಿ, ಅಂಕಪಟ್ಟಿಯ ಜೊತೆ ಪ್ರತಿ ಮಗುವಿಗೂ ಒಂದೊಂದು ಹಾಳೆ ಬರೆದು ಕಳಿಸಿದೆ. ಏನು ಬರುತ್ತದೆ, ಎಲ್ಲಿ ತಡೆಯುತ್ತದೆ, ಹೇಗೆ ಹೇಳಿದರೆ ತಿಳಿಯುತ್ತದೆ, ಮಳೆಗಾಲದಲ್ಲಿ ಯಾವ ದಾರಿಯಿಂದ ಬರುತ್ತದೆ. ಅಲ್ಲಿನ ಮೇಷ್ಟ್ರು ಓದಿ ಫೋನ್ ಮಾಡಿದರು. ಅಡಿಕೆ ಲೆಕ್ಕದ ಹುಡುಗನ ಬಗ್ಗೆ ಕೇಳಿದರು, ಮರಳಿನ ತಟ್ಟೆ ಎಷ್ಟು ದೊಡ್ಡದಿರಬೇಕು ಅಂತಲೂ ಕೇಳಿದರು. ಶಾಲೆ ಶುರುವಾಗುವ ಮೊದಲು ಒಂದು ದಿನ ನಾನೇ ತಟ್ಟೆ ತೆಗೆದುಕೊಂಡು ಹೋಗಿ, ಆ ತಟ್ಟೆಯಲ್ಲಿ ಕಲಿಯುವ ಹುಡುಗನನ್ನೂ ಅವನ ಅಮ್ಮನನ್ನೂ ಕೂರಿಸಿಕೊಂಡು ಮಾತಾಡುವುದು ಅಂತ ಆಗಿದೆ.